ಸಕ್ಕರೆಯ ಸಮಾಸ



ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಸಾಹಿತ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನು ಗಿಡಮರಗಳೊಳಗಿನ ರಸಾಯನದ ವಿಚಾರವಾಗಿ ಮಾತನಾಡಲು ಕುಳಿತಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ನನ್ನ ಬದುಕಿನಲ್ಲಿ ನಡೆದ ಎರಡು ಘಟನೆಗಳು ನನ್ನನ್ನು ಈ ವಿಷಯದ ಕಡೆಗೆ ಎಳೆದು ತಂದವು. ಒಂದು ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ನಡೆದದ್ದು. ಇನ್ನೊಂದು ಈಗ್ಗೆ ಎರಡು ವರ್ಷದ ಹಿಂದಿನದು. ನಡುವೆ ಐವತ್ತು ವರ್ಷಕ್ಕೂ ಹೆಚ್ಚಿನ ಅಂತರ. ಒಂದರಲ್ಲಿ ನಮ್ಮ ಮನೆಯ ಎತ್ತು ಸತ್ತಿತು. ಇನ್ನೊಂದರಲ್ಲಿ ನನ್ನ ಅಕ್ಕನ ಜೀವ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಎರಡರ ಮೂಲವೂ ಒಂದೇ ಬಗೆಯ ವಸ್ತುವೆಂದು ನಾನು ತಿಳಿದುಕೊಂಡದ್ದು ನಿವೃತ್ತಿಯ ನಂತರ.

ನಮ್ಮದು ಸಗರನಾಡು. ಶಹಾಪುರ, ಸುರಪುರಗಳ ಸುತ್ತಣ ಸೀಮೆಗೆ ಇದು ಹಳೆಯ ಹೆಸರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ನಡುವೆ ಕರಿಯ ಎರೆಭೂಮಿ, ಅಲ್ಲಲ್ಲಿ ಕಲ್ಲುಗುಡ್ಡ. ೨೦೦೯ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವೆಲ್ಲ ಗುಲ್ಬರ್ಗಾ ಜಿಲ್ಲೆಯವರು. ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಯ ನೀರು ಬಂದು ಊರೂರಲ್ಲಿ ಬತ್ತದ ಗದ್ದೆಗಳಾಗುವ ಮೊದಲು ಈ ಭೂಮಿಯ ಒಡೆಯನೆಂದರೆ ಜೋಳವೇ. ಮನುಷ್ಯನಿಗೆ ರೊಟ್ಟಿ, ದನಕ್ಕೆ ಕಣಿಕೆ, ಒಲೆಗೆ ಕೊಳವೆ. ಜೋಳ ನಮಗೆ ಅನ್ನವೂ ಹೌದು, ಲೆಕ್ಕದ ನಾಣ್ಯವೂ ಹೌದು. ಕೂಲಿಯನ್ನೂ ಆಯವನ್ನೂ ಜೋಳದಲ್ಲಿಯೇ ಅಳೆಯುತ್ತಿದ್ದರು.

೧೯೭೨ರ ಬರವನ್ನು ಕಂಡವರು ಈಗಲೂ ಅನೇಕರಿದ್ದಾರೆ. ಆ ವರ್ಷ ಮುಂಗಾರಿನ ಮೊದಲ ಮಳೆಗೆ ಬಿತ್ತಿದ ಜೋಳ ಮೊಳಕಾಲೆತ್ತರಕ್ಕೂ ಬರದೆ ಬಾಡಿ ನಿಂತಿತು. ಕೈಗೆ ಸಿಕ್ಕಷ್ಟನ್ನು ದನಕ್ಕೆಂದು ಕೊಯ್ದು ಒಣಗಿಸಿಟ್ಟರು. ಆಮೇಲೆ ಒಂದು ದಿನ ಹೆಸರಿಗಷ್ಟೇ ಎಂಬಂಥ ಮಳೆಯಾಯಿತು. ವಾರದಲ್ಲಿ ಕೂಳೆಯ ಬುಡದಿಂದ ಎಳೆಯ ಚಿಗುರು ಎದ್ದು ಹೊಲವೆಲ್ಲ ಹಸಿರಾಯಿತು. ತಿಂಗಳಾನುಗಟ್ಟಲೆ ಹಸಿರು ಕಾಣದ ಕಣ್ಣಿಗೆ ಅದು ಹಬ್ಬದಂತೆ ತೋರಿತು. ನಮ್ಮ ಮುತ್ಯಾ ಮಾತ್ರ ದನಗಳನ್ನು ಹೊಲದ ಕಡೆ ಬಿಡಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಒಂದು ಮಧ್ಯಾಹ್ನ ನಾನು ಗಿಡದ ನೆರಳಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ. ಬಲಗೋಲಿನ ಬಿಳಿಯ ಎತ್ತು ಹಗ್ಗ ಕಿತ್ತುಕೊಂಡು ಹೊಲಕ್ಕೆ ನುಗ್ಗಿತು. ನಾನು ಕಂಡದ್ದು ಅದು ಹೊಟ್ಟೆತುಂಬ ಮೇಯ್ದ ಮೇಲೆ.

ಅದನ್ನು ಹೊಡೆದುಕೊಂಡು ಮನೆಗೆ ತಂದೆ. ಸ್ವಲ್ಪ ಹೊತ್ತಿಗೆ ಅದು ಏದುಸಿರು ಬಿಡತೊಡಗಿತು. ಬಾಯಲ್ಲಿ ನೊರೆ, ಕಾಲಲ್ಲಿ ನಡುಕ. ಮುತ್ಯಾ ಅದರ ಕಣ್ಣನ್ನು ನೋಡಿ, “ಎಳೀ ಜ್ವಾಳ ತಿಂದದ, ಇನ್ನ ಉಳಿಯಂಗಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಸಂಜೆಯಾಗುವ ಮೊದಲೇ ಎತ್ತು ಸತ್ತಿತು. ತೊಗಲು ಸುಲಿದವರು ಒಂದು ಮಾತು ಹೇಳಿದರು: ಸತ್ತ ದನದ ನೆತ್ತರು ಕಪ್ಪಾಗಬೇಕು, ಇದರದು ಕೆಂಪಗೆ ಹೊಳೆಯುತ್ತಿದೆ ಎಂದು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಬರದ ವರ್ಷದಲ್ಲಿ ಒಂಟಿ ಎತ್ತು ಕಟ್ಟಿಕೊಂಡ ಮನೆಯ ಸ್ಥಿತಿಯನ್ನು ನಾನು ವಿವರಿಸಬೇಕಾಗಿಲ್ಲ. ಮುತ್ಯಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ವರ್ಷವಿಡೀ ನಮ್ಮನ್ನು ಸಾಕುವ ಜೋಳ ಅಂದು ನಮ್ಮ ಎತ್ತನ್ನೇಕೆ ಕೊಂದಿತು? ಈ ಪ್ರಶ್ನೆಗೆ ಉತ್ತರ ೧೯೦೨ರಲ್ಲಿಯೇ ದೊರೆತಿತ್ತು. ಆ ವರ್ಷ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು ಜೋಳದ ಎಳೆಯ ಪೈರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಧುರಿನ್ ಎಂದು ಹೆಸರಿಟ್ಟರು. ಅರಬ್ಬಿಯಲ್ಲಿ ಜೋಳಕ್ಕೆ ದುರ್ರಾ ಎನ್ನುತ್ತಾರೆ. ಆ ಮಾತಿನಿಂದಲೇ ಈ ಹೆಸರು. ಧುರಿನ್ ಎಂಬುದು ಗ್ಲೈಕೋಸೈಡ್ ಎಂಬ ದೊಡ್ಡ ಕುಲಕ್ಕೆ ಸೇರಿದ ವಸ್ತು. ಗ್ರೀಕ್ ಭಾಷೆಯಲ್ಲಿ ಗ್ಲೈಕಿಸ್ ಎಂದರೆ ಸಿಹಿ. ಒಂದು ಸಕ್ಕರೆಯ ಅಣು ಸಕ್ಕರೆಯಲ್ಲದ ಇನ್ನೊಂದು ಅಣುವಿನೊಡನೆ ಬೆಸೆದುಕೊಂಡಾಗ ಹುಟ್ಟುವ ಸಂಯುಕ್ತವೇ ಗ್ಲೈಕೋಸೈಡ್.

ಇಲ್ಲಿ ನನ್ನ ಹಳೆಯ ಕಸುಬಿನ ಒಂದು ಹೋಲಿಕೆಯನ್ನು ಬಳಸಲು ಅಪ್ಪಣೆ ಬೇಡುತ್ತೇನೆ. ವ್ಯಾಕರಣದಲ್ಲಿ ಸಮಾಸವೆಂಬುದುಂಟು. ‘ಮರದ’ ಎಂಬ ಪದವೂ ‘ಕಾಲು’ ಎಂಬ ಪದವೂ ಕೂಡಿ ‘ಮರಗಾಲು’ ಆಗುತ್ತದೆ. ಕೂಡುವಾಗ ನಡುವಣ ವಿಭಕ್ತಿ ಪ್ರತ್ಯಯ ಲೋಪವಾಗುತ್ತದೆ. ಮತ್ತೆ ಬಿಡಿಸಿ ವಿಗ್ರಹವಾಕ್ಯ ಹೇಳುವಾಗ ಲೋಪವಾದ ಪ್ರತ್ಯಯ ಮರಳಿ ಬರುತ್ತದೆ. ಗ್ಲೈಕೋಸೈಡಿನ ಕತೆಯೂ ಬಹಳ ಮಟ್ಟಿಗೆ ಹೀಗೆಯೇ. ಸಕ್ಕರೆಯೂ ಅದರ ಜೊತೆಗಾರ ಅಣುವೂ ಕೂಡುವಾಗ ನಡುವಿನಿಂದ ಒಂದು ನೀರಿನ ಅಣು ಕಳೆದುಹೋಗುತ್ತದೆ. ಈ ಜೋಡಿಯನ್ನು ಬಿಡಿಸಬೇಕಾದರೆ ಕಳೆದುಹೋದ ನೀರನ್ನು ಮರಳಿ ಕೊಡಬೇಕು. ಆ ಕೆಲಸವನ್ನು ಮಾಡಲು ಗಿಡಗಳಲ್ಲಿಯೂ ಪ್ರಾಣಿಗಳ ಕರುಳಿನಲ್ಲಿಯೂ ಕಿಣ್ವಗಳೆಂಬ ವೈಯಾಕರಣರಿದ್ದಾರೆ. ಸಮಾಸದಲ್ಲಿರುವವರೆಗೆ ಒಂದು ಅರ್ಥ, ವಿಗ್ರಹವಾದ ಮೇಲೆ ಇನ್ನೊಂದು ಅರ್ಥ. ಗ್ಲೈಕೋಸೈಡುಗಳ ಗುಣವೂ ದೋಷವೂ ಅಡಗಿರುವುದು ಈ ಒಂದು ಸಂಗತಿಯಲ್ಲಿ.

ಜೋಳದ ಎಳೆಯ ಎಲೆಯಲ್ಲಿ ಧುರಿನ್ ಒಂದು ಕೋಣೆಯಲ್ಲಿರುತ್ತದೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕೋಣೆಯಲ್ಲಿ. ಎಲೆ ನಿಂತಲ್ಲಿಯೇ ನಿಂತಿರುವವರೆಗೆ ಇವೆರಡೂ ಭೇಟಿಯಾಗುವುದಿಲ್ಲ. ದನ ಅದನ್ನು ಅಗಿದಾಗ ಕೋಣೆಗಳ ಗೋಡೆ ಒಡೆದು ಎರಡೂ ಬೆರೆಯುತ್ತವೆ. ಸಕ್ಕರೆ ಒಂದು ಕಡೆಗೆ ಹೋಗುತ್ತದೆ. ಉಳಿದ ಭಾಗವೂ ನಿಲ್ಲಲಾರದೆ ಮತ್ತೆ ಒಡೆದು ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತವೆ. ಸಯನೈಡ್ ಮಾಡುವುದೇನೆಂದರೆ, ನೆತ್ತರಿನಲ್ಲಿ ಬಂದ ಆಮ್ಲಜನಕವನ್ನು ದೇಹದ ಜೀವಕೋಶಗಳು ಬಳಸಿಕೊಳ್ಳದಂತೆ ತಡೆಯುವುದು. ಗಾಳಿಯುಂಟು, ಉಸಿರುಂಟು, ಆದರೆ ಅದು ಉಪಯೋಗಕ್ಕಿಲ್ಲ. ಬಳಕೆಯಾಗದ ಆಮ್ಲಜನಕ ನೆತ್ತರಿನಲ್ಲಿಯೇ ಉಳಿಯುವುದರಿಂದ ನೆತ್ತರು ಕೆಂಪಗೆ ಹೊಳೆಯುತ್ತದೆ. ತೊಗಲು ಸುಲಿದವರು ಅಂದು ಕಂಡ ಕೆಂಪಿನ ಅರ್ಥ ಇದು. ಅವರು ಕಂಡದ್ದು ನಿಜವಾಗಿತ್ತು. ಅದನ್ನು ವಿವರಿಸುವ ಪುಸ್ತಕ ನಮ್ಮೂರಿಗೆ ಬಂದಿರಲಿಲ್ಲ, ಅಷ್ಟೇ.

ಮುತ್ಯಾನ ಕಟ್ಟಳೆಯೂ ಹಾಗೆಯೇ ನಿಜವಾಗಿತ್ತು. ಪೈರು ಎಳೆಯದಾಗಿದ್ದಷ್ಟೂ ಅದರಲ್ಲಿ ಧುರಿನ್ ಹೆಚ್ಚು. ನೀರಿಲ್ಲದೆ ಬಾಡಿದಾಗ ಇನ್ನೂ ಹೆಚ್ಚು. ಕೊಯ್ದ ಕೂಳೆಯಿಂದ ಮಳೆಯಾದೊಡನೆ ಚಿಗುರುವ ಎಳೆಯ ಎಲೆ ಎಲ್ಲಕ್ಕಿಂತ ಅಪಾಯಕಾರಿ. ಸಾರಜನಕದ ಗೊಬ್ಬರವನ್ನು ಅತಿಯಾಗಿ ಹಾಕಿದರೂ ಅದು ಏರುತ್ತದೆ. ಪೈರು ಬೆಳೆದು ಹೂವಾಡುವ ಹೊತ್ತಿಗೆ ಇಳಿಯುತ್ತದೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ವಿಷದ ಬಹುಪಾಲು ಹೋಗಿಬಿಟ್ಟಿರುತ್ತದೆ. ಬಲಿತ ಕಾಳಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ನಮ್ಮ ರೊಟ್ಟಿಯ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಕಾಳು ಮೊಳೆತಾಗ ಮೊಳಕೆಯಲ್ಲಿ ಧುರಿನ್ ಮತ್ತೆ ಹುಟ್ಟಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅವ್ವ ಹೆಸರು, ಮಡಿಕೆ, ಹುರುಳಿಗಳನ್ನು ಮೊಳಕೆ ಕಟ್ಟುತ್ತಿದ್ದಳು. ಜೋಳವನ್ನು ಎಂದೂ ಕಟ್ಟಿದ್ದು ನಾನು ಕಾಣೆ. ಏಕೆಂದು ಕೇಳಿದ್ದರೆ ಅವಳಿಗೂ ಕಾರಣ ಗೊತ್ತಿರುತ್ತಿರಲಿಲ್ಲ.

ಜೋಳ ಈ ವಿಷವನ್ನು ಏಕೆ ಇಟ್ಟುಕೊಂಡಿದೆ? ಓಡಲಾರದ ಗಿಡಕ್ಕೆ ಇದೇ ಕತ್ತಿ, ಇದೇ ಗುರಾಣಿ. ೨೦೦೧ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಧುರಿನ್ ತಯಾರಿಸುವ ಜೋಳದ ವಂಶವಾಹಿಗಳನ್ನು ಸಾಸಿವೆಯ ಕುಲದ ಒಂದು ಪುಟ್ಟ ಗಿಡಕ್ಕೆ ಸೇರಿಸಿ ನೋಡಿದರು. ಆ ಗಿಡ ಧುರಿನ್ ತಯಾರಿಸತೊಡಗಿತು. ಅದರ ಎಲೆಯನ್ನು ತಿನ್ನುತ್ತಿದ್ದ ಒಂದು ಬಗೆಯ ದುಂಬಿ ಅದರಿಂದ ದೂರ ಸರಿಯಿತು. ಇದಕ್ಕೆ ವಿರುದ್ಧವಾಗಿ, ಆಸ್ಟ್ರೇಲಿಯದ ಸಂಶೋಧಕರು ವಿಷವನ್ನೇ ಹುಟ್ಟಿಸದ ಜೋಳದ ಸಸಿಯೊಂದನ್ನು ಹುಡುಕಿ ತೆಗೆದು ೨೦೧೨ರಲ್ಲಿ ಪ್ರಕಟಿಸಿದರು. ದನಕ್ಕೆ ನಿರ್ಭಯವಾದ ಮೇವು ಅಂಥದರಿಂದ ಬರಬಹುದು. ಅಲ್ಲಿಯವರೆಗೆ ಮುತ್ಯಾನ ಕಟ್ಟಳೆಯೇ ನಮ್ಮ ರಕ್ಷೆ.

ಈ ಕಟ್ಟಳೆ ಈಗ ಮರೆತುಹೋಗುತ್ತಿದೆಯೆಂಬುದು ನನ್ನ ಭಯ. ಕಾಲುವೆಯ ಕೆಳಗೆ ಬತ್ತವನ್ನೂ ಹತ್ತಿಯನ್ನೂ ಬೆಳೆದು ಬೆಳೆದು ಎರಡು ತಲೆಮಾರಿಗೆ ಜೋಳದ ಸ್ವಭಾವ ದೂರವಾಗಿದೆ. ಹೈನಿಗೆಂದು ಎರಡು ಎಮ್ಮೆ ಕಟ್ಟಿದ ಹುಡುಗ ಮೇವಿನ ಜೋಳ ಬಿತ್ತುತ್ತಾನೆ; ಒಮ್ಮೆ ಕೊಯ್ದ ಮೇಲೆ ಬಂದ ಎಳೆಯ ಚಿಗುರನ್ನು ನೋಡಿ ಆಸೆಪಡುತ್ತಾನೆ. ಅಂಥವರಿಗೆ ನಾನು ಹೇಳುವುದಿಷ್ಟು: ಹೂವಾಡುವವರೆಗೆ ಹಸಿ ಜೋಳವನ್ನು ಮೇಯಿಸಬೇಡಿ; ಬಾಡಿದ ಪೈರಿಗೆ ಮಳೆಯಾದೊಡನೆ ದನಗಳನ್ನು ಹೊಲಕ್ಕೆ ಬಿಡಬೇಡಿ. ದನ ತಿಂದು ಏದುಸಿರು ಬಿಟ್ಟರೆ ಕ್ಷಣ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ನರಕ್ಕೆ ಕೊಡುವ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದುಗಳು ಅವರಲ್ಲಿವೆ. ಹೊತ್ತಿಗೆ ಸಿಕ್ಕರೆ ದನ ಉಳಿಯುತ್ತದೆ. ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ಈಗ ಕೃಷಿ ಮಹಾವಿದ್ಯಾಲಯವೇ ಇದೆ. ೧೯೭೨ರಲ್ಲಿ ನಮಗೆ ಕೇಳಲು ಯಾರೂ ಇರಲಿಲ್ಲ; ಇಂದು ಕೇಳಿದರೆ ಹೇಳುವವರಿದ್ದಾರೆ.

ಇಷ್ಟು ಹೇಳಿದ ಮೇಲೆ ಗ್ಲೈಕೋಸೈಡ್ ಎಂದರೆ ವಿಷವೆಂದು ನೀವು ಭಾವಿಸಿದರೆ ನನ್ನ ಮಾತು ಅರ್ಧವಾದಂತೆ. ನಿಮ್ಮ ಅಡಿಗೆಮನೆಗೆ ಬನ್ನಿ. ಸಾಸಿವೆಯ ಕಾಳನ್ನು ಮೂಸಿದರೆ ವಾಸನೆಯಿಲ್ಲ. ಅದನ್ನೇ ನೀರು ಹಾಕಿ ಅರೆದರೆ ಮೂಗಿಗೆ ಹೊಡೆಯುವ ಘಾಟು. ಕಾಳಿನಲ್ಲಿ ಸಕ್ಕರೆಯ ಸಮಾಸವೊಂದಿದೆ. ಅರೆದಾಗ ಕಿಣ್ವ ಅದನ್ನು ಬಿಡಿಸಿ ಘಾಟನ್ನು ಹೊರಗೆಡಹುತ್ತದೆ. ಒಗ್ಗರಣೆಯಲ್ಲಿ ಕಾದ ಎಣ್ಣೆ ಮೊದಲು ಆ ಕಿಣ್ವವನ್ನೇ ಸುಟ್ಟುಬಿಡುವುದರಿಂದ ಅದೇ ಸಾಸಿವೆ ಘಾಟಿಲ್ಲದೆ ಕಂಪಾಗಿ ಸಿಡಿಯುತ್ತದೆ. ಉಪ್ಪಿನಕಾಯಿಯ ಸಾಸಿವೆಯೂ ಸಾರಿನ ಸಾಸಿವೆಯೂ ಒಂದೇ ಡಬ್ಬಿಯವಾದರೂ ರುಚಿ ಬೇರೆಯಾಗುವುದು ಹೀಗೆ. ಅಗಸೆಯಲ್ಲಿ ಜೋಳದ ಧುರಿನ್ನಿಗೆ ದಾಯಾದಿಗಳಾದ ವಸ್ತುಗಳಿವೆ. ರೊಟ್ಟಿಗೆ ಅಗಸೆಯ ಹಿಂಡಿ ಕುಟ್ಟುವ ಮೊದಲು ನಮ್ಮ ಹೆಂಗಸರು ಕಾಳನ್ನು ಹುರಿಯುತ್ತಾರೆ. ಕಿಣ್ವದ ಕೈ ಅಲ್ಲಿಯೇ ಕಟ್ಟುತ್ತದೆ.

ರೇಷ್ಮೆಯ ಸೀರೆಯನ್ನು ಒಗೆಯಲು ಅಂಟುವಾಳದ ಕಾಯಿಯನ್ನು ನೆನೆಯಿಡುತ್ತಾರಷ್ಟೆ. ಅದರ ನೊರೆಯೂ ಗ್ಲೈಕೋಸೈಡಿನದೇ. ಆ ಅಣುವಿನ ಸಕ್ಕರೆಯ ಬದಿ ನೀರನ್ನು ಹಿಡಿಯುತ್ತದೆ. ಇನ್ನೊಂದು ಬದಿ ಜಿಡ್ಡನ್ನು ಹಿಡಿಯುತ್ತದೆ. ನೀರಿಗೂ ಎಣ್ಣೆಗೂ ಇರುವ ಹಗೆಯನ್ನು ನಡುವೆ ನಿಂತು ಮುರಿಯುವುದರಿಂದಲೇ ಕೊಳೆ ಬಿಡುತ್ತದೆ. ಹೊಟ್ಟೆ ಕಟ್ಟಿದವರು ಕುಡಿಯುವ ಸೋನಾಮುಖಿಯ ಎಲೆಯಲ್ಲಿ ಇರುವುದೂ ಅದೇ ಕುಲದ ವಸ್ತು. ಸಕ್ಕರೆಯೊಡನೆ ಕೂಡಿರುವಾಗ ಅದು ಜಠರದಲ್ಲಿಯೂ ಸಣ್ಣ ಕರುಳಿನಲ್ಲಿಯೂ ಸುಮ್ಮನೆ ಸಾಗಿಹೋಗುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿದ ಮೇಲೆಯೇ ಅದರ ಕೆಲಸ ಆರಂಭ. ಮುಟ್ಟಬೇಕಾದ ಊರನ್ನು ಮುಟ್ಟಿದ ಮೇಲೆ ಬಿಚ್ಚುವ ಬುತ್ತಿಯ ಗಂಟಿನಂತೆ.

ಆಧುನಿಕ ವೈದ್ಯವೂ ಈ ಕುಲಕ್ಕೆ ಬಹಳ ಋಣಿಯಾಗಿದೆ. ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ವಿಲೋ ಎಂಬ ಮರದ ತೊಗಟೆಯಿಂದ ಜ್ವರ ಇಳಿಯುತ್ತದೆಂದು ೧೭೬೩ರಲ್ಲಿ ಬರೆದನು. ೧೮೨೮ರಲ್ಲಿ ಜರ್ಮನಿಯ ಬುಕ್ನರ್ ಆ ತೊಗಟೆಯಿಂದ ಸ್ಯಾಲಿಸಿನ್ ಎಂಬ ಕಹಿ ಗ್ಲೈಕೋಸೈಡನ್ನು ಬೇರ್ಪಡಿಸಿದನು. ಆ ದಾರಿಯಲ್ಲಿಯೇ ಮುಂದೆ ನಡೆದು ೧೮೯೯ರಲ್ಲಿ ಆಸ್ಪಿರಿನ್ ಅಂಗಡಿಗೆ ಬಂದಿತು. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್, ೧೯೪೩ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತದ್ದು. ಅದರಲ್ಲಿಯೂ ಸಕ್ಕರೆಯ ಕೊಂಡಿಗಳಿವೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಡಿಜಿಟಾಲಿಸ್ ಗಿಡದ ಕತೆ. ಯುರೋಪಿನ ಕಾಡಂಚಿನಲ್ಲಿ ಬೆಳೆಯುವ, ಗಂಟೆಯಾಕಾರದ ನೇರಳೆ ಹೂವಿನ ಗಿಡ ಅದು. ೧೭೭೫ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನ ಮುಂದೆ ಒಂದು ಮನೆಮದ್ದಿನ ವಿಚಾರ ಬಂದಿತು. ಮೈಗೆ ನೀರು ತುಂಬುವ ಬಾವಿಗೆ ಶ್ರಾಪ್‌ಶೈರಿನ ಒಬ್ಬ ಮುದುಕಿ ಕೊಡುತ್ತಿದ್ದ ಗುಟ್ಟಿನ ಮದ್ದು ಅದು. ಅದರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮೂಲಿಕೆಗಳಿದ್ದವು. ಕೆಲಸ ಮಾಡುತ್ತಿರುವುದು ಡಿಜಿಟಾಲಿಸ್ ಒಂದೇ ಎಂದು ವಿದರಿಂಗ್ ಗುರುತಿಸಿದನು. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಗುಣವಾದವರ ಜೊತೆಗೆ ಕೆಟ್ಟವರ ವಿವರವನ್ನೂ ಮರೆಮಾಚದೆ ೧೭೮೫ರಲ್ಲಿ ಪುಸ್ತಕ ಪ್ರಕಟಿಸಿದನು. ಮದ್ದು ಮಿತಿಮೀರಿದರೆ ವಾಂತಿಯಾಗುವುದೆಂದೂ, ವಸ್ತುಗಳು ಹಳದಿಯಾಗಿ ಹಸಿರಾಗಿ ಕಾಣುವುವೆಂದೂ, ನಾಡಿ ತೀರ ನಿಧಾನವಾಗುವುದೆಂದೂ ಅದರಲ್ಲಿ ಬರೆದನು. ಈ ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ೧೯೩೦ರಲ್ಲಿ ಸಿಡ್ನಿ ಸ್ಮಿತ್ ಎಂಬಾತ ಡಿಜಿಟಾಲಿಸ್ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧ ಗ್ಲೈಕೋಸೈಡನ್ನು ತೆಗೆದನು. ಒಂದು ಅಣುವಿನ ಬೆನ್ನಿಗೆ ಮೂರು ಸಕ್ಕರೆಗಳ ಸರ. ಅದು ಇಂದಿಗೂ ಹೃದಯದ ಮದ್ದು.

ನಮ್ಮ ಹಿತ್ತಲಿನಲ್ಲಿಯೂ ಇದರ ಬಳಗವಿದೆ. ಶಿವಪೂಜೆಗೆ ಕೊಯ್ಯುವ ಕಣಗಿಲೆಯಲ್ಲಿ, ಬೇಲಿಯ ಹಳದಿ ಕಣಗಿಲೆಯಲ್ಲಿ, ಹಾಳುಭೂಮಿಯ ಎಕ್ಕದಲ್ಲಿ ಇರುವುದು ಹೃದಯದ ಮೇಲೆ ಇದೇ ತೆರನಾಗಿ ಎರಗುವ ವಸ್ತುಗಳು. ಎಕ್ಕದ ಎಲೆ ತಿಂದು ಬೆಳೆಯುವ ಚಿಟ್ಟೆಯೊಂದುಂಟು. ಆ ಕಹಿಯನ್ನು ಮೈಯಲ್ಲಿ ತುಂಬಿಕೊಂಡ ಅದನ್ನು ಹಕ್ಕಿಗಳು ಮುಟ್ಟುವುದಿಲ್ಲ. ಸಂಸ್ಕೃತ ನಿಘಂಟುಗಳು ಕಣಗಿಲೆಗೆ ಕರವೀರವೆಂದೂ ಹಯಮಾರಕವೆಂದೂ ಹೆಸರು ಹೇಳುತ್ತವೆ. ಹಯಮಾರಕವೆಂದರೆ ಕುದುರೆಯನ್ನು ಕೊಲ್ಲುವುದು. ತರಗತಿಯಲ್ಲಿ ನಾನು ಇದನ್ನು ಬಹುಕಾಲ ಬರಿಯ ಪರ್ಯಾಯಪದವೆಂದು ಹೇಳಿ ಮುಂದೆ ಸಾಗುತ್ತಿದ್ದೆ. ಅದು ಎಚ್ಚರಿಕೆಯ ಫಲಕವೆಂದು ಹೊಳೆದದ್ದು ತಡವಾಗಿ. ಡಿಗಾಕ್ಸಿನ್ನಿನ ಮಾತ್ರೆಯ ಅಳತೆಯನ್ನು ಕಾರ್ಖಾನೆ ಕಾಯುತ್ತದೆ. ಗಿಡದ ಎಲೆಗೆ, ಬೀಜಕ್ಕೆ ಅಳತೆಯಿಲ್ಲ. ಹೂ ದೇವರಿಗಿರಲಿ, ಮಕ್ಕಳ ಬಾಯಿಗೂ ದನದ ಬಾಯಿಗೂ ದೂರವಿರಲಿ.

ಇನ್ನು ಎರಡನೆಯ ಘಟನೆಗೆ ಬರುತ್ತೇನೆ. ನನ್ನ ಅಕ್ಕ ಸುರಪುರದಲ್ಲಿದ್ದಾಳೆ. ಎಪ್ಪತ್ತು ದಾಟಿದ ಜೀವ. ಅವಳ ಹೃದಯದ ಬಡಿತ ತಾಳ ತಪ್ಪುವುದರಿಂದ ವೈದ್ಯರು ಡಿಗಾಕ್ಸಿನ್ ಮಾತ್ರೆಯನ್ನೂ, ಮೈಯಲ್ಲಿ ನೀರು ನಿಲ್ಲದಂತೆ ಇನ್ನೊಂದು ಮಾತ್ರೆಯನ್ನೂ ಕೊಟ್ಟಿದ್ದರು. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅವಳಿಗೆ ಬಿಡದ ಕೆಮ್ಮು ಹಿಡಿಯಿತು. ಯಾದಗಿರಿಯ ಪೇಟೆಯಲ್ಲಿ ಒಳ್ಳೆಯ ಜ್ಯೇಷ್ಠಮಧು ಕಂಡು, ಅರ್ಧ ಕಿಲೋ ಕಟ್ಟಿಸಿಕೊಂಡು ಹೋಗಿ ಅವಳಿಗೆ ಕೊಟ್ಟವನು ನಾನೇ. ಕೊಡುವಾಗ ಸುಮ್ಮನೆ ಕೊಡಲಿಲ್ಲ. ಇದರ ನಿಜವಾದ ಹೆಸರು ಯಷ್ಟಿಮಧು, ಯಷ್ಟಿಯೆಂದರೆ ಕೋಲು, ಸಿಹಿಯ ಕೋಲು. ಜನರ ಬಾಯಲ್ಲಿ ಅದು ಜ್ಯೇಷ್ಠಮಧುವಾಯಿತು ಎಂದು ಪದದ ಹುಟ್ಟನ್ನೂ ವಿವರಿಸಿ ಬಂದೆ. ಅಕ್ಕ ದಿನಕ್ಕೆ ಮೂರು ಹೊತ್ತು ಕಷಾಯ ಮಾಡಿ ಕುಡಿದಳು. ಕೆಮ್ಮು ಇಳಿಯಿತು, ರುಚಿ ಹಿಡಿದದ್ದರಿಂದ ಕಷಾಯ ಮುಂದುವರಿಯಿತು.

ತಿಂಗಳಾಗುವ ಹೊತ್ತಿಗೆ ಅವಳಿಗೆ ಊಟ ಸೇರದಾಯಿತು. ಓಕರಿಕೆ, ಕಾಲಲ್ಲಿ ಶಕ್ತಿಯಿಲ್ಲ. ನಾನು ಹೋದ ದಿನ ಹಾಸಿಗೆಯ ಮೇಲೆ ಕುಳಿತೇ, “ತಮ್ಮಾ, ಗ್ವಾಡಿಗೆ ಯಾರರೆ ಅರಿಷಿಣ ಬಳದಾರೇನೊ?” ಎಂದು ಕೇಳಿದಳು. ಗೋಡೆ ಸುಣ್ಣದ್ದು. ಕಾಮಾಲೆಯೆಂದು ಒಬ್ಬರು, ಕಣ್ಣಿನ ಪೊರೆಯೆಂದು ಇನ್ನೊಬ್ಬರು ಹೇಳಿದರು. ನಾಡಿ ನೋಡಿದರೆ ತೀರ ನಿಧಾನ. ಅಂದೇ ಶಹಾಪುರದ ಮೇಲೆ ಹಾಯ್ದು, ಭೀಮೆಯ ಸೇತುವೆ ದಾಟಿ ಕಲಬುರಗಿಗೆ ಕರೆದೊಯ್ದೆವು.

ಆಸ್ಪತ್ರೆಯಲ್ಲಿ ಮಾತ್ರೆಗಳ ಚೀಟಿಯನ್ನೆಲ್ಲ ತೋರಿಸಿದೆ. ಜ್ಯೇಷ್ಠಮಧುವಿನ ಹೆಸರು ನನ್ನ ಬಾಯಿಗೆ ಬರಲಿಲ್ಲ. ಅದು ಮದ್ದೆಂದು ನನ್ನ ಎಣಿಕೆಯಲ್ಲಿಯೇ ಇರಲಿಲ್ಲ. ಮಗಳ ವಯಸ್ಸಿನ ಒಬ್ಬ ವೈದ್ಯೆ ಅಕ್ಕನ ಕೈ ಹಿಡಿದು, “ಅಮ್ಮಾ, ಗುಳಿಗಿ ಬಿಟ್ಟು ಮನ್ಯಾಗ ಬ್ಯಾರೆ ಏನರೆ ತಗೋತೀರೇನ್ರಿ?” ಎಂದು ಕೇಳಿದಳು. “ಏನಿಲ್ಲವ್ವಾ, ಕೆಮ್ಮಿಗಿ ಒಂಚೂರು ಜೇಷ್ಠಮಧ” ಎಂದಳು ಅಕ್ಕ. ವೈದ್ಯೆ ತಿರುಗಿ ನನ್ನನ್ನು ನೋಡಿದಳು.

ನೆತ್ತರಿನ ಪರೀಕ್ಷೆಯ ಬಳಿಕ ಆಕೆ ನನಗೆ ವಿವರಿಸಿದ್ದು ಇದು. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಕೂಡ ಒಂದು ಗ್ಲೈಕೋಸೈಡ್; ಸಕ್ಕರೆಗಿಂತ ಮೂವತ್ತರಿಂದ ಐವತ್ತು ಪಟ್ಟು ಸಿಹಿ. ಕರುಳಿನ ಸೂಕ್ಷ್ಮಜೀವಿಗಳು ಅದರ ಸಕ್ಕರೆಯ ಭಾಗವನ್ನು ಕಳಚುತ್ತವೆ. ಉಳಿದ ಭಾಗ ಮೂತ್ರಪಿಂಡದಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಅದರಿಂದ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಮ್ಮನ್ನು ಹೊರಗೆ ಚೆಲ್ಲುತ್ತದೆ. ನೀರಿನ ಮಾತ್ರೆಯೂ ಪೊಟ್ಯಾಸಿಯಮ್ಮನ್ನು ಚೆಲ್ಲುವುದೇ. ನೆತ್ತರಿನಲ್ಲಿ ೩.೫ರ ಮೇಲಿರಬೇಕಾದ ಪೊಟ್ಯಾಸಿಯಂ ಅಕ್ಕನಲ್ಲಿ ೨.೭ಕ್ಕೆ ಇಳಿದಿತ್ತು. ಇನ್ನು ಡಿಗಾಕ್ಸಿನ್. ಪ್ರತಿ ಜೀವಕೋಶದ ಗೋಡೆಯಲ್ಲಿ ಸೋಡಿಯಮ್ಮನ್ನು ಹೊರಗೆ, ಪೊಟ್ಯಾಸಿಯಮ್ಮನ್ನು ಒಳಗೆ ಸಾಗಿಸುವ ಏತವೊಂದಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಅದನ್ನು ೧೯೫೭ರಲ್ಲಿ ಕಂಡುಹಿಡಿದು, ೧೯೯೭ರಲ್ಲಿ ನೊಬೆಲ್ ಬಹುಮಾನ ಪಡೆದನು. ಡಿಗಾಕ್ಸಿನ್ ಹಿಡಿಯುವುದು ಈ ಏತವನ್ನೇ. ಪೊಟ್ಯಾಸಿಯಂ ಸಾಕಷ್ಟಿದ್ದರೆ ಅದು ಡಿಗಾಕ್ಸಿನ್ನಿನೊಡನೆ ಸ್ಪರ್ಧಿಸಿ ತಡೆಯುತ್ತದೆ. ಕಡಿಮೆಯಾದರೆ ಡಿಗಾಕ್ಸಿನ್ನಿನ ಹಿಡಿತ ಬಿಗಿಯಾಗುತ್ತದೆ. ಮೊದಲೇ ಅದರ ಅಂಕೆ ಬಹಳ ಕಿರಿದು. ಒಂದು ಮಿಲಿಲೀಟರ್ ನೆತ್ತರಿನಲ್ಲಿ ಸುಮಾರು ಒಂದು ನ್ಯಾನೊಗ್ರಾಂ, ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು, ಇದ್ದರೆ ಮದ್ದು. ಎರಡು ದಾಟಿದರೆ ವಿಷ. ಪೊಟ್ಯಾಸಿಯಂ ಇಳಿದಾಗ ಎರಡನ್ನು ಮುಟ್ಟುವ ಮೊದಲೇ ಅದು ವಿಷವಾಗಬಲ್ಲದು.

ಮಾತ್ರೆ ತಪ್ಪಿರಲಿಲ್ಲ. ಬೇರೂ ಕೆಟ್ಟದಾಗಿರಲಿಲ್ಲ, ಆರೋಗ್ಯವಂತರು ನಾಲ್ಕು ದಿನ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಎರಡು ಒಳ್ಳೆಯ ಪದಗಳು ಕೂಡಬಾರದ ಕಡೆ ಕೂಡಿದವು. ನಮ್ಮ ವ್ಯಾಕರಣದಲ್ಲಿ ಸಲ್ಲದ ಪದಗಳ ಕೂಡಿಕೆಗೆ ಅರಿಸಮಾಸವೆನ್ನುತ್ತಾರೆ, ಅರಿಯೆಂದರೆ ಶತ್ರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ನನಗೆ ಆ ಪಾರಿಭಾಷಿಕ ಶಬ್ದದ ಅರ್ಥ ಅಂದು ಮೊದಲ ಬಾರಿಗೆ ತಿಳಿಯಿತೆಂದರೆ ತಪ್ಪಲ್ಲ.

ಎರಡನ್ನೂ ನಿಲ್ಲಿಸಿ ಪೊಟ್ಯಾಸಿಯಂ ತುಂಬಿದರು. ಆರು ದಿನ ಅಕ್ಕನನ್ನು ಯಂತ್ರದ ಕಣ್ಣಿನ ಕೆಳಗೆ ಇಟ್ಟುಕೊಂಡರು. ಐದನೆಯ ದಿನ ಬೆಳಿಗ್ಗೆ ಅವಳು ಗೋಡೆಯನ್ನು ನೋಡಿ, “ಈಗ ಬೆಳ್ಳಗದ” ಎಂದಳು. ಐವತ್ತು ವರ್ಷದ ಹಿಂದೆ ಕಟ್ಟೆಯ ಮೇಲೆ ಕುಳಿತ ಮುತ್ಯಾನ ಮುಖ ನನಗೆ ಆಗ ಕಂಡಿತು.

ಮನೆಮದ್ದನ್ನು ಬಿಡಿರೆಂದು ಹೇಳಲು ನಾನು ಈ ಕತೆ ಹೇಳಿದ್ದಲ್ಲ. ಶ್ರಾಪ್‌ಶೈರಿನ ಮುದುಕಿಯಿಲ್ಲದೆ ವಿದರಿಂಗ್ ಇರುತ್ತಿರಲಿಲ್ಲ. ಮುತ್ಯಾನ ಮಾತನ್ನು ಕೇಳಿದ್ದರೆ ನಮ್ಮ ಎತ್ತು ಉಳಿಯುತ್ತಿತ್ತು. ಆದರೆ ಹಳೆಯ ಪದ್ಧತಿಯಲ್ಲಿ ಬೇರು ಕೊಡುವ ವೈದ್ಯನೇ ಪಥ್ಯವನ್ನೂ ಹೇಳುತ್ತಿದ್ದನು. ರೋಗಿ ಮತ್ತೇನು ಉಣ್ಣುತ್ತಾನೆಂದು ಅವನಿಗೆ ಗೊತ್ತಿರುತ್ತಿತ್ತು. ಇಂದು ಮಾತ್ರೆ ಒಂದು ಬಾಗಿಲಿನಿಂದ ಮನೆಗೆ ಬರುತ್ತದೆ, ಬೇರು ಇನ್ನೊಂದು ಬಾಗಿಲಿನಿಂದ. ಒಳಗೆ ಅವು ಭೇಟಿಯಾಗುವುದನ್ನು ನೋಡುವವರಿಲ್ಲ. ಆ ನೋಡುವ ಕೆಲಸ ಮನೆಯವರದಾಗಬೇಕು. ವೈದ್ಯರ ಬಳಿಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಕಷಾಯ, ಪುಡಿ, ಲೇಹ್ಯಗಳ ಹೆಸರನ್ನೂ ಹೇಳಿ. ಸಿಹಿಯಾಗಿದೆ, ಗಿಡದ್ದು, ಅಜ್ಜಿಯ ಕಾಲದ್ದು ಎಂಬ ಕಾರಣದಿಂದ ಯಾವುದನ್ನೂ ಲೆಕ್ಕದಿಂದ ಬಿಡಬೇಡಿ.

ಅಕ್ಕ ಈಗ ಚೆನ್ನಾಗಿದ್ದಾಳೆ. ಮಾತ್ರೆಗಳ ತಗಡಿನ ಡಬ್ಬಿಯ ಮುಚ್ಚಳದ ಒಳಗೆ ಮೊಮ್ಮಗನಿಂದ ಒಂದು ಚೀಟಿ ಅಂಟಿಸಿಕೊಂಡಿದ್ದಾಳೆ. ಅವಳು ತೆಗೆದುಕೊಳ್ಳುವ ಎಲ್ಲದರ ಹೆಸರೂ ಅದರಲ್ಲಿವೆ; ಬೆಳಗಿನ ಶುಂಠಿಯ ಕಷಾಯವೂ ಇದೆ. ಕಳೆದ ಸಂಕ್ರಾಂತಿಗೆ ಹೋದಾಗ ಊರಿಗೆ ಹೊರಟು ನಿಂತ ನನ್ನ ಕೈಚೀಲವನ್ನು ಇಣುಕಿ ನೋಡಿ, “ಈ ಸಲ ಏನು ಹೊತ್ಕೊಂಡು ಬಂದಿದ್ದಿ ತಮ್ಮಾ, ಮೊದಲ ಹೇಳು” ಎಂದು ನಕ್ಕಳು. ನಾನು ತಂದದ್ದು ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಆಕೆ ಅ‍ದನ್ನು ಮೂಸಿ ನೋಡಿ, ಒಳಗಿಟ್ಟುಕೊಂಡಳು.